ಯಾತ್ರೆಯ ಹಾಸಿಗೆಯೂ ವ್ರತದ ಮಿತಿಯೂ

ಮನೆಯಲ್ಲಿ ಕೈಕೊಂಡ ನಿಯಮವು ದಾರಿಯಲ್ಲಿ ಸಡಿಲಬಹುದೇ ಎಂಬ ಪ್ರಶ್ನೆಯನ್ನು ಆಹಾರದ ಮಟ್ಟಿಗೆ ನಮ್ಮ ಶ್ರಾವಕರು ಚೆನ್ನಾಗಿಯೇ ವಿಚಾರಿಸಿಕೊಂಡಿದ್ದಾರೆ. ತೀರ್ಥಯಾತ್ರೆಗೆ ಹೊರಟ ಕುಟುಂಬವು ಸೋಸಿದ ನೀರನ್ನು ಜತೆಯಲ್ಲಿಟ್ಟುಕೊಳ್ಳುತ್ತದೆ. ಕಂದಮೂಲಗಳಿಲ್ಲದ ಬುತ್ತಿಯನ್ನು ಕಟ್ಟಿಕೊಳ್ಳುತ್ತದೆ. ಸೂರ್ಯಾಸ್ತಕ್ಕೆ ಮೊದಲೇ ಊಟ ಮುಗಿಯುವಂತೆ ಪ್ರಯಾಣದ ವೇಳೆಯನ್ನು ಹೊಂದಿಸಿಕೊಳ್ಳುತ್ತದೆ. ಆದರೆ ಊಟ ಮುಗಿದು ಕತ್ತಲಾದ ಮೇಲೆ ಆ ಕುಟುಂಬವು ಏನನ್ನು ಹಾಸಿಕೊಂಡು, ಏನನ್ನು ಹೊದ್ದುಕೊಂಡು, ಹೇಗೆ ಮಲಗುತ್ತದೆ ಎಂಬುದನ್ನು ವಿಚಾರಿಸುವವರು ವಿರಳ. ಬಾಯಿಗೆ ಇರುವಷ್ಟು ಕಾವಲು ಬೆನ್ನಿಗೆ ಇಲ್ಲ. ದಿನದ ಮೂರನೆಯ ಒಂದು ಪಾಲು ಕಾಲವನ್ನು ನಾವು ಕಳೆಯುವುದು ಹಾಸಿಗೆಯಲ್ಲಿ. ಅಷ್ಟು ಕಾಲ ವ್ರತದ ದೃಷ್ಟಿಗೆ ಬೀಳದೆ ಹೋಗುವುದು ಉಚಿತವೇ?

ಈ ವಿಚಾರಕ್ಕೆ ಇಂದು ವಿಶೇಷವಾದ ಕಾರಣವೂ ಉಂಟು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಹಿಂದಿನ ತಲೆಮಾರು ಚಾಪೆಯ ಸುರುಳಿಯನ್ನು ಕಂಕುಳಲ್ಲಿಟ್ಟುಕೊಂಡು, ಇಲ್ಲವೆ ಹೋಲ್ಡಾಲಿನಲ್ಲಿ ಬಿಗಿದು ಕಟ್ಟಿಕೊಂಡು ಯಾತ್ರೆ ಹೊರಡುತ್ತಿತ್ತು. ಈಗ ಬಾಡಿಗೆಯ ವಾಹನಗಳಿವೆ. ರಾತ್ರಿಯಿಡೀ ಮಲಗಿ ಹೋಗುವ ಸ್ಲೀಪರ್ ಬಸ್ಸುಗಳಿವೆ. ಹಾಸಿಗೆ, ಒಲೆ, ನೀರಿನ ತೊಟ್ಟಿ ಎಲ್ಲವನ್ನೂ ಒಳಗೊಂಡ ಕಾರವಾನ್ ಎಂಬ ಸಂಚಾರಿ ಮನೆಯೂ ನಮ್ಮ ರಸ್ತೆಗಳಲ್ಲಿ ಅಪರೂಪಕ್ಕೆ ಕಾಣಿಸುತ್ತದೆ. ಮನೆಯೇ ಚಕ್ರದ ಮೇಲೆ ನಿಂತು ನಮ್ಮೊಡನೆ ಬರುವಾಗ, ಮನೆಯ ಪರಿಗ್ರಹವೆಲ್ಲವೂ ಅದರೊಡನೆ ಬರುವುದು ಸಹಜ. ಆದುದರಿಂದ ಯಾತ್ರೆಯ ಹಾಸಿಗೆಯನ್ನು ಹೇಗೆ ಆರಿಸಬೇಕು, ಹೇಗೆ ಕಾಪಾಡಿಕೊಳ್ಳಬೇಕು ಎಂಬುದು ಕೇವಲ ಸೌಕರ್ಯದ ಮಾತಲ್ಲ, ಧರ್ಮದ ಮಾತೂ ಹೌದು.

ಶಾಸ್ತ್ರದಲ್ಲಿ ಹಾಸಿಗೆಯ ಸ್ಥಾನ

ಹಾಸಿಗೆಯಂಥ ಅಲ್ಪವಸ್ತುವನ್ನು ಶಾಸ್ತ್ರಕಾರರು ಗಮನಿಸಿರುವರೇ ಎಂದು ಕೆಲವರಿಗೆ ಸಂಶಯ ಬಂದೀತು. ಗಮನಿಸಿದ್ದಾರೆ, ಅದೂ ಒಂದೆರಡು ಕಡೆಗಳಲ್ಲಿ ಅಲ್ಲ. ನಮ್ಮ ಪರಂಪರೆಯು ಎಣಿಸುವ 10 ಬಗೆಯ ಬಾಹ್ಯ ಪರಿಗ್ರಹಗಳಲ್ಲಿ ಹೊಲ, ಮನೆ, ಧನ, ಧಾನ್ಯಾದಿಗಳೊಡನೆ ಯಾನವೂ ಇದೆ, ಶಯನಾಸನವೂ ಇದೆ. ಸಮಂತಭದ್ರಾಚಾರ್ಯರ ರತ್ನಕರಂಡ ಶ್ರಾವಕಾಚಾರವು ಭೋಗೋಪಭೋಗ ಪರಿಮಾಣವನ್ನು ಹೇಳುವಲ್ಲಿ, ದಿನದ ಮಟ್ಟಿಗೆ, ರಾತ್ರಿಯ ಮಟ್ಟಿಗೆ, ಪಕ್ಷ, ಮಾಸ, ಋತು, ಅಯನಗಳ ಮಟ್ಟಿಗೆ ಮಿತಿಯನ್ನು ಗೊತ್ತುಮಾಡಿಕೊಳ್ಳಬೇಕಾದ ವಸ್ತುಗಳನ್ನು ಎಣಿಸುತ್ತದೆ. ಅಲ್ಲಿ ಭೋಜನವಾದೊಡನೆ ವಾಹನ, ವಾಹನವಾದೊಡನೆ ಶಯನ. ವಾಹನವೂ ಹಾಸಿಗೆಯೂ ಒಂದರ ಪಕ್ಕದಲ್ಲೊಂದು ಕುಳಿತಿವೆ. ಇಂದಿನ ಸ್ಲೀಪರ್ ಬಸ್ಸಿನ ಪ್ರಯಾಣಿಕನಿಗಾಗಿಯೇ ಹೇಳಿದಂತೆ ತೋರುವ ಈ ಸಾಮೀಪ್ಯವು ಮನನಯೋಗ್ಯವಾದುದು.

ಮುನಿಗಳ 28 ಮೂಲಗುಣಗಳಲ್ಲಿ ಕ್ಷಿತಿಶಯನವು ಒಂದು. ಮುನಿಯು ನೆಲದ ಮೇಲೆ, ಶಿಲೆಯ ಮೇಲೆ, ಮರದ ಹಲಗೆಯ ಮೇಲೆ ಅಥವಾ ತೃಣದ ಮೇಲೆ ಒಂದೇ ಮಗ್ಗುಲಲ್ಲಿ ಅಲ್ಪಕಾಲ ವಿಶ್ರಮಿಸುತ್ತಾರೆ. ಬಾಹ್ಯತಪಸ್ಸಿನ 6 ಭೇದಗಳಲ್ಲಿ ವಿವಿಕ್ತಶಯ್ಯಾಸನವು ಒಂದು. 22 ಪರೀಷಹಗಳಲ್ಲಿ ಚರ್ಯಾ, ನಿಷದ್ಯಾ, ಶಯ್ಯಾ ಎಂಬ ಮೂರೂ, ಅಂದರೆ ನಡೆಯುವ, ಕೂರುವ, ಮಲಗುವ ಕಷ್ಟಗಳು, ಒಂದರ ಹಿಂದೆ ಒಂದು ಬರುತ್ತವೆ.

ಗೃಹಸ್ಥನಿಗೆ ಅತ್ಯಂತ ನೇರವಾಗಿ ಅನ್ವಯಿಸುವ ಮಾತು ಪ್ರೋಷಧೋಪವಾಸದ ಪ್ರಕರಣದಲ್ಲಿದೆ. ತತ್ತ್ವಾರ್ಥಸೂತ್ರದ 7ನೆಯ ಅಧ್ಯಾಯವು ಆ ವ್ರತಕ್ಕೆ 5 ಅತಿಚಾರಗಳನ್ನು ಹೇಳುತ್ತದೆ. ನೋಡದೆ, ಗುಡಿಸದೆ ನೆಲದಲ್ಲಿ ಮಲಮೂತ್ರಾದಿಗಳನ್ನು ವಿಸರ್ಜಿಸುವುದು, ನೋಡದೆ, ಒರಸದೆ ವಸ್ತುಗಳನ್ನು ಎತ್ತಿಕೊಳ್ಳುವುದು, ನೋಡದೆ, ಗುಡಿಸದೆ ಹಾಸಿಗೆಯನ್ನು ಹಾಸುವುದು, ವ್ರತದಲ್ಲಿ ಅನಾದರ, ವ್ರತದ ವಿಸ್ಮರಣೆ. ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಹಾಸಿಗೆಯು ಮೆತ್ತಗಿದ್ದರೆ ದೋಷವೆಂದು ಇಲ್ಲಿ ಹೇಳಿಲ್ಲ. ಗಟ್ಟಿಯಾಗಿದ್ದರೆ ಪುಣ್ಯವೆಂದೂ ಹೇಳಿಲ್ಲ. ಕಣ್ಣಿಟ್ಟು ನೋಡದೆ, ಮೃದುವಾಗಿ ಗುಡಿಸದೆ ಹಾಸಿದರೆ ದೋಷ ಎಂದು ಮಾತ್ರ ಹೇಳಿದೆ. ಉಪವಾಸದಿಂದ ದೇಹವನ್ನು ಎಷ್ಟೇ ದಂಡಿಸಿದರೂ, ಮಲಗುವ ಮುನ್ನ ಒಂದು ಕ್ಷಣ ನೋಡದೆ ಹೋದರೆ ವ್ರತಕ್ಕೆ ಕಲೆ ತಗಲುತ್ತದೆ.

ಎರಡು ದೋಷಗಳ ನಡುವೆ

ಮನೆಯಲ್ಲಿ ಈ ಎಚ್ಚರವು ಕಷ್ಟವಲ್ಲ. ಹಾಸಿಗೆ ನಮ್ಮದು, ನೆಲ ನಮ್ಮದು, ಬೆಳಕು ನಮ್ಮದು. ದಾರಿಯಲ್ಲಿಯಾದರೋ ಶ್ರಾವಕನು ಒಂದು ಇಕ್ಕಟ್ಟಿಗೆ ಸಿಲುಕುತ್ತಾನೆ. ಸ್ವಂತ ಹಾಸಿಗೆಯನ್ನು ಕೊಂಡೊಯ್ದರೆ ಪರಿಗ್ರಹವು ಬೆಳೆಯುತ್ತದೆ. ದಿಂಬು, ಹಾಸು, ಹೊದಿಕೆ, ಅವುಗಳ ಚೀಲ, ಆ ಚೀಲಕ್ಕೊಂದು ಸ್ಥಳ, ಆ ಸ್ಥಳಕ್ಕೆ ದೊಡ್ಡ ವಾಹನ. ಪರರ ಹಾಸಿಗೆಯನ್ನೇ ಬಳಸಿದರೆ ಪರಿಗ್ರಹವು ಕಡಿಮೆ. ಆದರೆ ಅದರ ಪೂರ್ವಾಪರವನ್ನು ನಾವು ತಿಳಿಯೆವು. ಹಿಂದಿನ ರಾತ್ರಿ ಅದರಲ್ಲಿ ಮಲಗಿದವರು ಯಾರು, ಅದನ್ನು ತೊಳೆದುದು ಎಂದು, ಅದರ ಹೊಲಿಗೆಯಲ್ಲಿ ಯಾವ ಜೀವಿಗಳು ನೆಲೆಸಿವೆ, ಒಂದೂ ಗೊತ್ತಿಲ್ಲ. ರೈಲುಗಳ ಹವಾನಿಯಂತ್ರಿತ ಬೋಗಿಗಳಲ್ಲಿ ಕೊಡುವ ಕಂಬಳಿಗಳನ್ನು ತಿಂಗಳಿಗೆ ಒಮ್ಮೆಯಾದರೂ ತೊಳೆಯಲಾಗುತ್ತದೆ ಎಂದು 2024ರಲ್ಲಿ ರೈಲ್ವೆ ಸಚಿವರು ಲೋಕಸಭೆಗೆ ತಿಳಿಸಿದರು. ಅದು ವ್ಯವಸ್ಥೆಯ ನಿಂದೆಗಾಗಿ ಹೇಳುವ ಮಾತಲ್ಲ. ಲಕ್ಷಾಂತರ ಜನರಿಗೆ ಹಾಸಿಗೆ ಒದಗಿಸುವವರ ಕಷ್ಟ ಅವರಿಗೆ ಗೊತ್ತು. ಆದರೆ ಅಂಥ ಕಂಬಳಿಯನ್ನು ಹೊದೆಯುವ ವ್ರತಿಯು, ನಾನು ನೋಡಿದ್ದೇನೆ, ಶೋಧಿಸಿದ್ದೇನೆ ಎಂದು ಹೇಳಲಾರನು.

ಹಾಗಾದರೆ ಯಾವುದು ಲೇಸು? ಅಪರಿಗ್ರಹವನ್ನು ಮುಂದಿಡಬೇಕೇ, ಅಹಿಂಸೆಯನ್ನು ಮುಂದಿಡಬೇಕೇ? ಈ ಎರಡು ವ್ರತಗಳು ಪರಸ್ಪರ ವಿರೋಧಿಗಳೆಂದು ಭಾವಿಸುವುದರಿಂದ ಈ ಗೊಂದಲ ಹುಟ್ಟುತ್ತದೆ. ವಾಸ್ತವದಲ್ಲಿ ಅಪರಿಗ್ರಹವು ಅಹಿಂಸೆಗೆ ಬೇಲಿಯಾಗಿ ನಿಂತಿದೆ. ವಸ್ತುಗಳು ಕಡಿಮೆಯಾದಷ್ಟೂ ನೋಡಿಕೊಳ್ಳಬೇಕಾದವು ಕಡಿಮೆ. ನೋಡಿಕೊಳ್ಳಬೇಕಾದವು ಕಡಿಮೆಯಾದಷ್ಟೂ ನೋಟ ಪರಿಪೂರ್ಣ. ಆದುದರಿಂದ ಉತ್ತರವು ಎರಡರ ನಡುವೆ ಇದೆ: ಸ್ವಂತದ್ದನ್ನೇ ಒಯ್ಯಬೇಕು, ಆದರೆ ತಾನೊಬ್ಬನೇ ಎರಡು ಕೈಗಳಿಂದ ಬಿಡಿಸಿ, ಪೂರ್ಣವಾಗಿ ನೋಡಿ, ಮಡಚಲು ಸಾಧ್ಯವಾಗುವಷ್ಟನ್ನೇ ಒಯ್ಯಬೇಕು. ಒಂದು ಚಾಪೆ, ಒಂದು ಹಾಸು, ಒಂದು ಹೊದಿಕೆ. ಎಲ್ಲವನ್ನೂ ಪ್ರತಿರಾತ್ರಿ ಶೋಧಿಸಬಹುದಾದರೆ ಅದು ಮಿತಿಯೊಳಗಿನದು. ಸಮಯ ಸಾಲದೆ ಕೆಲವನ್ನು ನೋಡದೆ ಬಿಡುವಂತಾದರೆ, ಆ ಕೆಲವು ಅಧಿಕವಾದವು. ಪರಿಗ್ರಹವನ್ನು ಅಳೆಯಲು ಇದಕ್ಕಿಂತ ಸುಲಭವಾದ ಕೋಲು ಬೇರೆ ಕಾಣದು.

ಇನ್ನೊಂದು ಮಾತು. ಕ್ಷೇತ್ರದ ವಸತಿಗೃಹಕ್ಕೆ ನಾವು ಶೋಧಿಸದ ಹಾಸಿಗೆಯನ್ನು ಒಯ್ದರೆ, ನಮ್ಮ ಮನೆಯ ತಿಗಣೆಗಳು ಅಲ್ಲಿ ಇಳಿದು ನೆಲೆಸಬಹುದು. ಮರುದಿನ ನಾವು ಮುಂದಿನ ಕ್ಷೇತ್ರಕ್ಕೆ ಹೋಗಿರುತ್ತೇವೆ. ನಮ್ಮ ಹಿಂದೆ ಬಂದ ಯಾತ್ರಿಕನು ಕಚ್ಚಿಸಿಕೊಳ್ಳುತ್ತಾನೆ. ವಸತಿಗೃಹದವರು ನಿರುಪಾಯರಾಗಿ ಕೀಟನಾಶಕವನ್ನು ಸಿಂಪಡಿಸುತ್ತಾರೆ. ಆ ಹಿಂಸೆಯನ್ನು ಮಾಡಿದವರು ನಾವಲ್ಲ. ಆದರೆ ಅದಕ್ಕೆ ನಿಮಿತ್ತರು ನಾವು. ಕೃತ, ಕಾರಿತ, ಅನುಮೋದನೆಗಳನ್ನು ಬಿಡಿಬಿಡಿಯಾಗಿ ಎಣಿಸಲು ಕಲಿಸಿದ ಧರ್ಮದಲ್ಲಿ ಹುಟ್ಟಿದವರು ಇದನ್ನು ಕಡೆಗಣಿಸಬಾರದು.

ಯಾವ ಹಾಸಿಗೆ?

ಮೊದಲು ವಸ್ತುವಿನ ಮೂಲವನ್ನು ಕೇಳಬೇಕು. ಹಿಪ್ಪುನೇರಳೆ ರೇಷ್ಮೆಯ ನೂಲನ್ನು ತೆಗೆಯುವಾಗ ಸಾಮಾನ್ಯವಾಗಿ ಗೂಡಿನೊಳಗಿನ ಜೀವವನ್ನು ಬಿಸಿಯಲ್ಲಿ ಕೊಲ್ಲುತ್ತಾರೆ. ಅಹಿಂಸೆಯ ಕ್ಷೇತ್ರಕ್ಕೆ ಹೋಗುವವನು ರೇಷ್ಮೆಯ ಹೊದಿಕೆಯನ್ನು ಹೊದ್ದು ಮಲಗುವುದು ಅಸಂಗತ. ಹಕ್ಕಿಗಳ ತುಪ್ಪುಳನ್ನು ತುಂಬಿದ ವಿದೇಶೀ ಮಾದರಿಯ ರಜಾಯಿಗಳಿಗೂ ಇದೇ ಮಾತು. ಮುನಿಗಳ ಪಿಂಛಿಯು ನವಿಲು ತಾನಾಗಿ ಉದುರಿಸಿದ ಗರಿಗಳದು. ಅಂಗಡಿಯ ತುಪ್ಪುಳು ಹಾಗಲ್ಲ. ಕುರಿಯ ಉಣ್ಣೆಯ ವಿಷಯದಲ್ಲಿ ಮನೆತನಗಳ ಆಚಾರವು ಭಿನ್ನವಾಗಿದೆ. ನುಸಿ ಬೇಗನೆ ಹಿಡಿಯುವುದರಿಂದ ಕರಾವಳಿಯ ತೇವದಲ್ಲಿ ಅದನ್ನು ನಿರ್ಜಂತುಕವಾಗಿ ಇಡುವುದು ದುಸ್ತರವೆಂಬುದಂತೂ ಸತ್ಯ.

ಎರಡನೆಯದು, ನಮ್ಮ ನಾಡಿನ ಹವೆ. ಈ ಮೂರು ಸ್ಥಳಗಳಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರಿನಷ್ಟು ಮಳೆ ಸುರಿಯುತ್ತದೆ. ಮಳೆ ನಿಂತ ಮೇಲೆಯೂ ಗಾಳಿಯಲ್ಲಿ ತೇವ ಉಳಿದಿರುತ್ತದೆ. ದಪ್ಪವಾದ ಹತ್ತಿಯ ಹಾಸಿಗೆ ಈ ತೇವವನ್ನು ಹೀರಿ ಭಾರವಾಗುತ್ತದೆ, ಒಳಗೆ ಒಣಗದು. ಬೂರುಗದ ಅರಳೆ ಹಗುರ, ನೀರನ್ನು ಅಷ್ಟಾಗಿ ಹೀರದು. ಆದರೆ ಕೆಲವು ಕಾಲದಲ್ಲಿ ಗಂಟುಕಟ್ಟುತ್ತದೆ. ತೆಂಗಿನ ನಾರಿನ ಹಾಸು ಗಟ್ಟಿ, ಆದರೆ ಅದರ ಎಳೆಗಳ ನಡುವೆ ಗಾಳಿಯಾಡುತ್ತದೆ. ಫೋಮಿನ ಹಾಸಿಗೆ ಮೆತ್ತಗೆ. ಅದರ ಅಡಿಯಲ್ಲಿ ಗಾಳಿಗೆ ದಾರಿಯಿಲ್ಲದಿದ್ದರೆ ತೇವವು ಅಲ್ಲಿಯೇ ನಿಲ್ಲುತ್ತದೆ. ನಮ್ಮ ಹಿರಿಯರು ಬಳಸುತ್ತಿದ್ದ ಮುಂಡುಗದ ಎಲೆಯ ಚಾಪೆಯು ಇವೆಲ್ಲಕ್ಕಿಂತ ಯಾತ್ರೆಗೆ ಯೋಗ್ಯ. ಅದಕ್ಕೆ ಒಳಗೆ ಎಂಬುದಿಲ್ಲ. ಎರಡೂ ಮುಖಗಳು ಕಣ್ಣಿಗೆ ಕಾಣುತ್ತವೆ, ಒಂದು ಬಟ್ಟೆಯಿಂದ ಒರಸಿದರೆ ಶುಚಿ, ಸುರುಳಿ ಸುತ್ತಿದರೆ ಒಂದು ಕೈಯ ಹೊರೆ. ಅದರ ಮೇಲೆ ಹಾಸಲು ಬಿಳಿಯ ಹತ್ತಿಯ ವಸ್ತ್ರವಿದ್ದರೆ ಉತ್ತಮ. ಬಿಳಿಯ ಬಟ್ಟೆಯ ಮೇಲೆ ಇರುವೆಯಾಗಲಿ ತಿಗಣೆಯಾಗಲಿ ಅಡಗಲಾರದು. ಕೊಳೆ ಕಾಣಬಾರದೆಂದು ಬಣ್ಣದ, ಚಿತ್ತಾರದ ಹಾಸನ್ನು ಆರಿಸುವವರು ಕೊಳೆಯೊಡನೆ ಜೀವವನ್ನೂ ಕಣ್ಣಿನಿಂದ ಮರೆಮಾಡಿಕೊಳ್ಳುತ್ತಾರೆ.

ಮೂರನೆಯದು, ಹೋಗುವ ಸ್ಥಳ. ಬಿ.ಸಿ. ರೋಡಿನಿಂದ ಶಿರಾಡಿಯ ಘಟ್ಟವನ್ನು, ಇಲ್ಲವೆ ಬೆಳ್ತಂಗಡಿ, ಉಜಿರೆಗಳ ಮಾರ್ಗವಾಗಿ ಚಾರ್ಮಾಡಿಯ ಘಟ್ಟವನ್ನು ಹತ್ತಿದೊಡನೆ ಹವೆ ಬದಲಾಗುತ್ತದೆ. ಪುಷ್ಯ ಮಾಘಗಳಲ್ಲಿ ಶ್ರವಣಬೆಳಗೊಳದ ರಾತ್ರಿಯ ಚಳಿಗೆ ಕರಾವಳಿಯ ತೆಳು ಹೊದಿಕೆ ಸಾಲದು. ಸಮ್ಮೇದಶಿಖರಜಿಯ ಚಳಿಗೆ ಮೊದಲೇ ಸಾಲದು. ದಪ್ಪವಾದ ಒಂದು ಹೊದಿಕೆಗಿಂತ ತೆಳುವಾದ ಎರಡನ್ನು ಒಯ್ಯುವುದು ಉಪಯುಕ್ತ. ಎರಡರ ನಡುವಿನ ಗಾಳಿಯೇ ಬಿಸುಪನ್ನು ಹಿಡಿದಿಡುತ್ತದೆ. ತೆಳುವಾದುದು ಬೇಗನೆ ಒಣಗುತ್ತದೆ, ಸುಲಭವಾಗಿ ಶೋಧಿಸಬಹುದು.

ಹಾಸಿಗೆಯ ಪಾಲನೆ

ಹಾಸಿಗೆಯಲ್ಲಿ ಜೀವೋತ್ಪತ್ತಿಗೆ ಕಾರಣ ತೇವ ಮತ್ತು ಮಲ. ರಾತ್ರಿಯೊಂದರಲ್ಲಿ ಒಬ್ಬ ಮನುಷ್ಯನ ಉಸಿರು ಬೆವರುಗಳಿಂದ ಕಾಲು ಲೀಟರಿನಷ್ಟು, ಕೆಲವೊಮ್ಮೆ ಅದಕ್ಕೂ ಮಿಕ್ಕಿ, ನೀರು ಹೊರಬೀಳುತ್ತದೆ. ಮನೆಯ ಕೋಣೆಯಲ್ಲಿ ಅದು ಚದುರಿ ಹೋಗುತ್ತದೆ. ಕಾರವಾನಿನಂಥ ಮುಚ್ಚಿದ ಸಣ್ಣ ಕೋಣೆಯಲ್ಲಿ ನಾಲ್ವರು ಮಲಗಿದರೆ ಆ ನೀರೆಲ್ಲವೂ ತಣ್ಣನೆಯ ಗೋಡೆಯ ಮೇಲೂ, ಹಾಸಿಗೆಯ ಅಡಿಯ ಹಲಗೆಯ ಮೇಲೂ ಹನಿಗಟ್ಟುತ್ತದೆ. ಕೆಲವೇ ದಿನಗಳಲ್ಲಿ ಅಲ್ಲಿ ಬೂಷ್ಟು ಹಿಡಿಯುತ್ತದೆ. ಬೂಷ್ಟನ್ನು ಕೇವಲ ಕಲೆಯೆಂದು ನಾವು ತಿಳಿಯುವವರಲ್ಲ; ಅದು ಅನಂತಕಾಯ ಜೀವಗಳ ನೆಲೆ. ಒಮ್ಮೆ ಹುಟ್ಟಿದ ಮೇಲೆ ಒರಸಿದರೂ ಹಿಂಸೆ, ಬಿಟ್ಟರೂ ವೃದ್ಧಿ. ಹುಟ್ಟದಂತೆ ನೋಡಿಕೊಳ್ಳುವುದೇ ಅಹಿಂಸೆ.

ಅದಕ್ಕೆ ಬೇಕಾದುದು ಔಷಧವಲ್ಲ, ಕ್ರಮ. ಮಲಗುವಾಗ ಎದುರುಬದುರಿನ ಎರಡು ಕಿಟಕಿಗಳನ್ನು ಸ್ವಲ್ಪವಾದರೂ ತೆರೆದು, ಸೊಳ್ಳೆಗಳು ಬಾರದಂತೆ ಜಾಲರಿಯನ್ನು ಹಾಕಬೇಕು. ಬತ್ತಿಯನ್ನು ಉರಿಸಿ ಸೊಳ್ಳೆಗಳನ್ನು ಬೀಳಿಸುವುದಕ್ಕಿಂತ ಪರದೆಯನ್ನು ಕಟ್ಟಿ ಅವನ್ನು ಹೊರಗಿರಿಸುವುದು ಶ್ರಾವಕನಿಗೆ ಶೋಭೆ. ವಾಹನದ ಹಲಗೆಯ ಮೇಲೆ ನೇರವಾಗಿ ಫೋಮನ್ನು ಹಾಸದೆ, ನಡುವೆ ನಾರಿನ ಚಾಪೆಯನ್ನೋ ಮರದ ಪಟ್ಟಿಗಳನ್ನೋ ಇಟ್ಟು ಗಾಳಿಗೆ ದಾರಿ ಮಾಡಬೇಕು. ಬೆಳಗ್ಗೆ ಎದ್ದೊಡನೆ ಹಾಸಿಗೆಯನ್ನು ಮಡಚದೆ, ಎತ್ತಿ ಓರೆಯಾಗಿ ನಿಲ್ಲಿಸಿ, ಸಾಮಾಯಿಕ ಮುಗಿಯುವವರೆಗೆ ಆರಲು ಬಿಡಬೇಕು. ಒದ್ದೆಯಾದ ವಸ್ತ್ರವನ್ನು ಚೀಲದೊಳಗೆ ತುರುಕುವುದು ಎಲ್ಲ ಕೇಡಿನ ಬೀಜ. ಒಣ ಬೇವಿನ ಎಲೆ ಅಥವಾ ಲಕ್ಕಿಯ ಎಲೆಗಳನ್ನು ಚೀಲದಲ್ಲಿಟ್ಟರೆ ಕೀಟಗಳು ದೂರವಿರುತ್ತವೆ ಎಂಬ ಹಳೆಯ ರೂಢಿಯಲ್ಲಿ ಕೊಲ್ಲುವ ಉದ್ದೇಶವಿಲ್ಲ, ತಡೆಯುವ ಉದ್ದೇಶವಿದೆ.

ತಿಗಣೆಯ ವಿಷಯದಲ್ಲಿ ಮರೆಮಾಚದೆ ಮಾತಾಡಬೇಕು. ಅದು ತ್ರೀಂದ್ರಿಯ ಜೀವ. ಹಾಸಿಗೆಯ ಹೊಲಿಗೆಗಳಲ್ಲಿ, ಹಲಗೆಯ ಸಂದುಗಳಲ್ಲಿ, ಪೆಟ್ಟಿಗೆಯ ಅಂಚುಗಳಲ್ಲಿ ಹಗಲೆಲ್ಲ ಅಡಗಿರುತ್ತದೆ. ಅದರ ಮೊಟ್ಟೆಗಳು ಒಂದು ವಾರದಿಂದ ಹತ್ತು ದಿನಗಳೊಳಗೆ ಒಡೆಯುತ್ತವೆ. ಬೆಳೆದ ತಿಗಣೆಯು ಆಹಾರವಿಲ್ಲದೆ ತಿಂಗಳುಗಟ್ಟಲೆ ಬದುಕಬಲ್ಲುದು. ಒಮ್ಮೆ ಹಾಸಿಗೆಗೆ ಸೇರಿತೆಂದರೆ, ಮರದ ನೆರಳಿನಲ್ಲಿ ಝಾಡಿಸಿದರೂ ಪೂರ್ಣ ಹೋಯಿತೆಂಬ ನಿಶ್ಚಯವಿಲ್ಲ; ಬಿಸಿನೀರಿನಲ್ಲಿ ತೊಳೆದರೆ, ಕಡುಬಿಸಿಲಿನಲ್ಲಿಟ್ಟರೆ ಅವು ಸಾಯುತ್ತವೆ. ಗೃಹಸ್ಥನು ಬಿಡಬೇಕಾದುದು ಸಂಕಲ್ಪೀ ಹಿಂಸೆಯನ್ನು; ಮನೆವಾರ್ತೆಯ ಆರಂಭೀ ಹಿಂಸೆಯು ಅವನಿಗೆ ಅನಿವಾರ್ಯ ಎಂದು ನಾವು ಸಮಾಧಾನಪಟ್ಟುಕೊಳ್ಳುತ್ತೇವೆ. ಆದರೆ ಹಾಸಿಗೆಯನ್ನು ತೊಳೆಯುವುದು ಆರಂಭವಾದರೂ, ಅದರಲ್ಲಿ ಜೀವಗಳಿವೆಯೆಂದು ತಿಳಿದು ಬಿಸಿನೀರನ್ನು ಸುರಿಯುವಾಗ ಅದು ಯಾವ ಕಡೆಗೆ ಸೇರಿತು? ಈ ಪ್ರಶ್ನೆಗೆ ಹಿತವಾದ ಉತ್ತರವಿಲ್ಲ. ಆ ಇಕ್ಕಟ್ಟಿಗೆ ನಮ್ಮನ್ನು ತಂದು ನಿಲ್ಲಿಸಿದ್ದು ನಮ್ಮ ಮೊದಲಿನ ಪ್ರಮಾದ ಎಂಬುದನ್ನು ಮಾತ್ರ ಒಪ್ಪಲೇಬೇಕು. ಪ್ರಮಾದದ ಯೋಗದಿಂದ ಪ್ರಾಣಹಾನಿಯಾಗುವುದೇ ಹಿಂಸೆ ಎಂಬ ತತ್ತ್ವವು ಹಾಸಿಗೆಯ ಹೊಲಿಗೆಯಲ್ಲಿ ಕಾಣಿಸುವಷ್ಟು ಸ್ಪಷ್ಟವಾಗಿ ಬೇರೆಲ್ಲಿಯೂ ಕಾಣಿಸದು. ವಸತಿಗೆ ಹೋದೊಡನೆ ದೀಪದ ಬೆಳಕಿನಲ್ಲಿ ಮಂಚದ ಸಂದುಗಳನ್ನು ನೋಡುವುದು, ನಮ್ಮ ಗಂಟನ್ನು ಹಾಸಿಗೆಯ ಮೇಲೆ ಇಡದಿರುವುದು, ಸಂಶಯವಿದ್ದಲ್ಲಿ ಮಂಚವನ್ನು ಬಿಟ್ಟು ನೆಲವನ್ನು ಗುಡಿಸಿ ಚಾಪೆ ಹಾಸುವುದು. ಇಷ್ಟು ಎಚ್ಚರದಿಂದ ಆ ಪ್ರಶ್ನೆಯೇ ಬಹುಮಟ್ಟಿಗೆ ಏಳದಂತೆ ಮಾಡಬಹುದು.

ಪರ್ವದಿನಗಳ ವಿಷಯದಲ್ಲಿ ಒಂದು ವಿವೇಕವುಂಟು. ಅಷ್ಟಮಿ ಚತುರ್ದಶಿಗಳಂದು ಪ್ರೋಷಧವನ್ನು ಕೈಕೊಂಡವರು ಆರಂಭವನ್ನು ಬಿಡಬೇಕು; ತೊಳೆಯುವುದು, ಒಣಗಿಸುವುದು ಆರಂಭವೇ. ಆದುದರಿಂದ ಅವನ್ನು ಮೊದಲೇ ಮುಗಿಸಿ, ವ್ರತದ ದಿನ ನೋಡುವುದು, ಮೃದುವಾದ ವಸ್ತ್ರದಿಂದ ಒರಸುವುದು ಇಷ್ಟನ್ನೇ ಉಳಿಸಿಕೊಳ್ಳಬೇಕು. ಚಾತುರ್ಮಾಸದಲ್ಲಿ ಮುನಿಗಳು ಸಂಚಾರವನ್ನು ನಿಲ್ಲಿಸುವ ಕಾರಣವೂ ಇದೇ. ನೆಲವೆಲ್ಲ ಜೀವಮಯವಾಗಿರುವ ಕಾಲವದು. ಹಾಸಿಗೆ ಒಣಗದ ಆ ತಿಂಗಳುಗಳಲ್ಲಿ ಗೃಹಸ್ಥನೂ ದೂರದ ಯಾತ್ರೆಯನ್ನು ಮುಂದೂಡಿ, ಕಾರ್ತಿಕದ ಬಿಸಿಲಿನಲ್ಲಿ ಎಲ್ಲವನ್ನೂ ಬಿಡಿಸಿ ಶೋಧಿಸಿದ ಮೇಲೆ ಹೊರಡುವುದು ಎಲ್ಲ ರೀತಿಯಿಂದಲೂ ಯುಕ್ತ.

ಓಡುವ ವಾಹನದಲ್ಲಿ ನಿದ್ರೆ

ಒಬ್ಬರಲ್ಲಿ ಏಕಕಾಲಕ್ಕೆ ಹೆಚ್ಚೆಂದರೆ 19 ಪರೀಷಹಗಳು ಒದಗಬಹುದೆಂದು ತತ್ತ್ವಾರ್ಥಸೂತ್ರವು ಹೇಳುತ್ತದೆ. 22ರಲ್ಲಿ 3 ಕಡಿಮೆಯಾಗಲು ಕಾರಣವೇನೆಂದರೆ, ಚಳಿ ಸೆಕೆಗಳಲ್ಲಿ ಒಂದೇ ಇರಬಲ್ಲುದು. ನಡೆಯುವ, ಕೂರುವ, ಮಲಗುವ ಮೂರರಲ್ಲಿಯೂ ಒಂದೇ ಇರಬಲ್ಲುದು. ನಡೆಯುವವನು ಮಲಗಿರಲಾರನು. ಇಂದಿನ ಸ್ಲೀಪರ್ ಬಸ್ಸಿನಲ್ಲಿಯಾದರೋ ಮನುಷ್ಯನು ಮಲಗಿಯೇ ನೂರಾರು ಮೈಲಿ ಹೋಗುತ್ತಾನೆ. ಅವನಿಗೆ ನಡೆಯುವ ಕಷ್ಟವೂ ಇಲ್ಲ, ನೋಡಿ ನಡೆಯುವ ಎಚ್ಚರವೂ ಇಲ್ಲ. ಅವನ ಕಣ್ಣು ಮುಚ್ಚಿರುವಾಗ ಅವನ ನಿಮಿತ್ತವಾಗಿ ವಾಹನವು ಕತ್ತಲೆಯಲ್ಲಿ ಓಡುತ್ತದೆ. ದೀಪಕ್ಕೆ ಮುತ್ತುವ ಕೀಟಗಳು, ರಸ್ತೆ ದಾಟುವ ಕಪ್ಪೆ ಹಾವುಗಳು ಅದರಡಿ ಸಿಗುತ್ತವೆ. ಚಾಲಕನ ನಿದ್ದೆಗೆಟ್ಟ ಕಣ್ಣುಗಳಿಗೆ ಘಟ್ಟದ ತಿರುವುಗಳಲ್ಲಿ ಒಳಗಿನ ಎಲ್ಲರ ಪ್ರಾಣವೂ ಒಪ್ಪಿಸಲ್ಪಟ್ಟಿರುತ್ತದೆ.

ಎಲ್ಲರೂ ಎಲ್ಲ ಕಾಲದಲ್ಲಿಯೂ ರಾತ್ರಿಯ ಪ್ರಯಾಣವನ್ನು ಬಿಡಲು ಶಕ್ಯವಿಲ್ಲ. ಆದರೆ ವಾಹನವು ನಮ್ಮ ಅಧೀನದಲ್ಲಿರುವ ಯಾತ್ರೆಯಲ್ಲಿ, ಸೂರ್ಯಾಸ್ತದ ಹೊತ್ತಿಗೆ ನಿಂತು, ಬೆಳಕಿರುವಾಗಲೇ ಹಾಸಿಗೆಯನ್ನು ಶೋಧಿಸಿ ಹಾಸಿ, ನಿಂತ ವಾಹನದಲ್ಲಿಯೋ ಬಸದಿಯ ಸಮೀಪದ ವಸತಿಯಲ್ಲಿಯೋ ಮಲಗುವುದು ಸಾಧ್ಯ. ನಮ್ಮ ಸಮೀಪದ ಕ್ಷೇತ್ರಗಳಂತೂ ಒಂದಕ್ಕೊಂದು ನೆರೆಹೊರೆ. 1982ರಲ್ಲಿ ಪ್ರತಿಷ್ಠೆಗೊಂಡ 39 ಅಡಿಯ ಬಾಹುಬಲಿಯಿರುವ ಧರ್ಮಸ್ಥಳ, 1604ರಲ್ಲಿ ತಿಮ್ಮರಾಜ ಅಜಿಲರು ನಿಲ್ಲಿಸಿದ 35 ಅಡಿಯ ಮೂರ್ತಿಯಿರುವ ವೇಣೂರು, 1430ರಲ್ಲಿ ಆರಂಭವಾದ ಸಾವಿರ ಕಂಬದ ಬಸದಿಯ ಮೂಡುಬಿದಿರೆ, 1432ರ ಗೊಮ್ಮಟನ ಕಾರ್ಕಳ. ಇವುಗಳ ನಡುವೆ ರಾತ್ರಿಯ ಓಟಕ್ಕೆ ಅವಶ್ಯಕತೆಯೇ ಇಲ್ಲ.

ಕಾಠಿಣ್ಯವೇ ತಪಸ್ಸೇ?

ಇಲ್ಲಿ ಕೆಲವರು ಹೀಗೆನ್ನಬಹುದು: ವೇಣೂರಿನ ಸ್ವಾಮಿಯು ವರ್ಷವಿಡೀ ಪ್ರತಿಮಾಯೋಗದಲ್ಲಿ ನಿಂತವನು. ಬಳ್ಳಿ ಹಬ್ಬಿದರೂ ಅಲುಗದವನ ದರ್ಶನಕ್ಕೆ ಹೋಗುವವರಿಗೆ ಹಾಸಿಗೆಯ ಚಿಂತೆಯೇಕೆ? ಬರಿಯ ನೆಲದಲ್ಲಿ ಮಲಗಲಿ! ಮಾತು ಉಜ್ವಲವಾಗಿದೆ, ಆದರೆ ಅರ್ಧಸತ್ಯ. ಷೋಡಶ ಭಾವನೆಗಳಲ್ಲಿ ತಪಸ್ಸನ್ನೂ ತ್ಯಾಗವನ್ನೂ ಹೇಳುವಾಗ ಶಕ್ತಿಗೆ ತಕ್ಕಂತೆ ಎಂಬ ವಿಶೇಷಣವನ್ನು ಸೇರಿಸಿರುವುದು ನಿರರ್ಥಕವಲ್ಲ. ಶಿಖರಜಿಯ ವಂದನೆಗೆ ಏರಿ, ಸುತ್ತಿ, ಇಳಿಯಲು ಸುಮಾರು 27 ಕಿಲೋಮೀಟರು ನಡೆಯಬೇಕು. ಬೆಳಗಿಗೆ ಮೊದಲೇ ಹೊರಡಬೇಕು. ಹಿಂದಿನ ರಾತ್ರಿ ಚಳಿಯಲ್ಲಿ ನಡುಗುತ್ತ ನಿದ್ದೆಯಿಲ್ಲದೆ ಕಳೆದವನು ದಾರಿಯಲ್ಲಿ ತೂಕಡಿಸುತ್ತ ಯಾವ ಟೋಂಕಿನಲ್ಲಿ ಯಾವ ತೀರ್ಥಂಕರರ ಸ್ಮರಣೆ ಮಾಡಿದೆನೆಂಬುದನ್ನೇ ಮರೆತಾನು. ವಿಸ್ಮರಣೆಯೂ ಅತಿಚಾರವೆಂಬುದನ್ನು ಮೇಲೆಯೇ ಕಂಡೆವು. ಹಾಸಿಗೆಯ ಪ್ರಯೋಜನ ಮರುದಿನದ ಎಚ್ಚರ. ಆ ಎಚ್ಚರಕ್ಕೆ ಬೇಕಾದಷ್ಟು ಮಾರ್ದವವು ಸಾಧನ. ಅದಕ್ಕೂ ಮಿಕ್ಕಿದುದು ಭೋಗ.

ಇದಕ್ಕಿಂತ ಮುಖ್ಯವಾದ ಮಾತೊಂದಿದೆ. ಮಿತಿಯನ್ನು ಕೈಕೊಂಡವನಿಗೆ ಮಿತಿ; ಅದನ್ನು ಇತರರ ಬೆನ್ನಿಗೆ ಹೊರಿಸಬಾರದು. ವೃದ್ಧರು, ರೋಗಿಗಳು, ಗರ್ಭಿಣಿಯರು, ಶಿಶುಗಳು ಇರುವ ಕುಟುಂಬದಲ್ಲಿ ಯಜಮಾನನು ತಾನು ಚಾಪೆಯ ನಿಯಮವನ್ನು ಹಿಡಿದೆನೆಂದು ಎಲ್ಲರಿಗೂ ಚಾಪೆಯನ್ನೇ ಹಾಸಿಸಿದರೆ, ಅವನ ತಪಸ್ಸಿನ ಕ್ಲೇಶವನ್ನು ಅವರು ಅನುಭವಿಸಿದಂತಾಯಿತು. ನಡುನೋವಿನ ಅತ್ತೆಗೆ ಮೆತ್ತನೆಯ ಹಾಸಿಗೆಯನ್ನು ಹುಡುಕಿ ತರುವುದು ವೈಯಾವೃತ್ಯ. ಅದೂ ತಪಸ್ಸಿನ ಒಂದು ಭೇದ, ಅದೂ ಅಂತರಂಗ ತಪಸ್ಸು.

ಹಾಗೆಯೇ, ಯಾತ್ರೆಯಲ್ಲಿ ಹಾಸಿಗೆಯನ್ನು ಹಾಸುವವರು ಯಾರು, ಮಡಚುವವರು ಯಾರು? ಹೆಚ್ಚಿನ ಮನೆಗಳಲ್ಲಿ ಅದು ಸ್ತ್ರೀಯರ ಪಾಲಿಗೆ ಬಂದಿದೆ. ಸ್ವತಃ ಉಪವಾಸದಲ್ಲಿರುವ ಗೃಹಿಣಿಯು ಆರೇಳು ಜನರ ಹಾಸಿಗೆಗಳನ್ನು ಶೋಧಿಸಿ ಹಾಸಿ, ಕಡೆಯಲ್ಲಿ ತನ್ನದನ್ನು ನೋಡಲು ಕಣ್ಣಿಗೆ ಶಕ್ತಿಯಿಲ್ಲದೆ ಒರಗುತ್ತಾಳೆ. ಆ ಮನೆಯ ಪುರುಷರು ಪ್ರೋಷಧವನ್ನು ನಿರತಿಚಾರವಾಗಿ ಆಚರಿಸಿದೆವೆಂದು ತಿಳಿದರೆ ಅದು ಭ್ರಮೆ. ನೋಡುವುದು, ಒರಸುವುದು ವ್ರತಿಯ ಕರ್ತವ್ಯ; ಉಪವಾಸವನ್ನು ಒಬ್ಬರಿಗೆ ಬದಲಾಗಿ ಇನ್ನೊಬ್ಬರು ಮಾಡಲಾಗದಂತೆ, ಈ ಎಚ್ಚರವನ್ನೂ ಒಬ್ಬರ ಪರವಾಗಿ ಮತ್ತೊಬ್ಬರು ನಡೆಸಲಾಗದು. ಹಾಸಿಗೆಯ ನಿಯಮದ ಮೊದಲ ಕಲಮು ಇದಾಗಲಿ: ಕೈಕಾಲು ಆಡುವಷ್ಟು ಕಾಲ ತನ್ನ ಹಾಸಿಗೆಯನ್ನು ತಾನೇ ಹಾಸಬೇಕು, ತಾನೇ ಮಡಚಬೇಕು.

ಒಂದು ನಿಯಮದ ರೂಪ

ಈ ವಿಚಾರಗಳನ್ನು ಒಪ್ಪುವ ಶ್ರಾವಕ ಶ್ರಾವಿಕೆಯರು ಮುಂದಿನ ಯಾತ್ರೆಗೆ ಹೊರಡುವ ಮುನ್ನ, ಯಾತ್ರೆಯ ಅವಧಿಯ ಮಟ್ಟಿಗೆ ಹೀಗೆ ನಿಯಮಿಸಿಕೊಳ್ಳಬಹುದು. ಎಷ್ಟು ಹಾಸು, ಎಷ್ಟು ಹೊದಿಕೆ ಎಂಬ ಸಂಖ್ಯೆಯನ್ನು ಗೊತ್ತುಮಾಡುವುದು. ರೇಷ್ಮೆ ತುಪ್ಪುಳುಗಳನ್ನು ಬಿಡುವುದು. ಹಾಸುವ ಮುನ್ನ ನೋಡಿ ಒರಸುವುದು. ಎದ್ದ ಮೇಲೆ ಆರಿಸಿ ಮಡಚುವುದು. ಪರರ ಹಾಸಿಗೆಯನ್ನು ಬಳಸಬೇಕಾಗಿ ಬಂದರೆ ಅದರ ಮೇಲೆ ತನ್ನ ಬಿಳಿಯ ವಸ್ತ್ರವನ್ನು ಹಾಸುವುದು, ಬಿಡುವಾಗ ತಾನು ಕಂಡುದಕ್ಕಿಂತ ಶುಚಿಯಾಗಿ ಬಿಡುವುದು. ಅನಾರೋಗ್ಯಕ್ಕೆ ಸಡಿಲಿಕೆಯನ್ನು ಮೊದಲೇ ಇಟ್ಟುಕೊಳ್ಳುವುದು ದೌರ್ಬಲ್ಯವಲ್ಲ. ಮುರಿಯುವ ನಿಯಮಕ್ಕಿಂತ ಉಳಿಯುವ ನಿಯಮ ಲೇಸು.

ನಮ್ಮ ಪರಂಪರೆಯಲ್ಲಿ ಸಂಸ್ತರ ಎಂಬ ಶಬ್ದಕ್ಕೆ ಹಾಸಿಗೆ ಎಂಬ ಅರ್ಥದೊಡನೆ, ಸಲ್ಲೇಖನದ ಕಾಲದಲ್ಲಿ ಕ್ಷಪಕನು ಆಶ್ರಯಿಸುವ ಕೊನೆಯ ಹಾಸು ಎಂಬ ಅರ್ಥವೂ ಇದೆ. ನೆಲ, ಶಿಲೆ, ಹಲಗೆ, ತೃಣ ಎಂದು ಭಗವತೀ ಆರಾಧನೆಯು ಅದಕ್ಕೆ ನಾಲ್ಕು ಬಗೆಗಳನ್ನು ಹೇಳುತ್ತದೆ. ಜೀವವಿಡೀ ಹಾಸಿಗೆಯನ್ನು ದಪ್ಪಗೊಳಿಸುತ್ತಲೇ ಬಂದವನಿಗೆ ಆ ತೆಳುವಾದ ಹಾಸು ಒಮ್ಮೆಲೇ ಒಗ್ಗಲಾರದು. ವರ್ಷಕ್ಕೊಮ್ಮೆ ಹತ್ತು ಹದಿನೈದು ದಿನಗಳ ಯಾತ್ರೆಯಲ್ಲಿ ಒಂದು ಚಾಪೆ, ಒಂದು ವಸ್ತ್ರಗಳಲ್ಲಿ ನಿಶ್ಚಿಂತೆಯಿಂದ ಮಲಗಲು ಕಲಿತವನಿಗೆ ಅದು ಅಪರಿಚಿತವೆನಿಸದು. ವಾಚಕರು ಈ ವಿಷಯವನ್ನು ತಮ್ಮ ಮನೆಗಳಲ್ಲಿ ವಿಚಾರಿಸಿ, ಶಕ್ತ್ಯನುಸಾರವಾಗಿ ಆಚರಣೆಗೆ ತರಬೇಕಾಗಿ ಪ್ರಾರ್ಥನೆ.